ಸಣ್ಣ ಕ್ಲಬ್ಬಿನಿಂದ ಶುರು ಮಾಡುವವರಿಗೆ: ಇಂಗ್ಲೆಂಡೋ, ಸ್ಕಾಟ್ಲೆಂಡೋ, ಐರ್ಲೆಂಡೋ?

ಯಾದಗಿರಿಯಿಂದ ನನ್ನ ಸೋದರಳಿಯ ಫೋನ್ ಮಾಡಿದ್ದ. "ಮಾಮಾ, ಫುಟ್‌ಬಾಲ್ ಮ್ಯಾನೇಜರ್ ಹಾಕ್ಕೊಂಡೀನಿ. ದೊಡ್ಡ ಟೀಮ್ ಬ್ಯಾಡ ಅಂತ ನೀವೇ ಹೇಳಿದ್ರಿ. ಹಂಗಾದ್ರ ಸಣ್ಣವ್ರಾಗ ಯಾವುದು ತಗೋಲಿ ಹೇಳ್ರಿ."

ಫುಟ್‌ಬಾಲ್ ಮ್ಯಾನೇಜರ್ ಎಂದರೆ ಒಂದು ಕ್ಲಬ್ಬಿನ ಮ್ಯಾನೇಜರಾಗಿ ತಂಡ ನಡೆಸುವ ಕಂಪ್ಯೂಟರ್ ಆಟ. ಒಂದು ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ತಮಗೆ ಒಗ್ಗದ ಕ್ಲಬ್ ಹಿಡಿದು, ಮೂರನೇ ವಾರಕ್ಕೆ ಆಟವನ್ನೇ ಬಿಟ್ಟ ಗೆಳೆಯರು ನನಗೆ ಕಲಬುರಗಿಯಲ್ಲೇ ಇದ್ದಾರೆ. ಅದಕ್ಕೆ ಮೊದಲು ಅವನನ್ನೇ ಮೂರು ಮಾತು ಕೇಳಿದೆ. ಲ್ಯಾಪ್‌ಟಾಪಿನಲ್ಲಿ ರ್‍ಯಾಮ್ ಎಷ್ಟಿದೆ? ದಿನಕ್ಕೆ ಎಷ್ಟು ಹೊತ್ತು ಕೂರುತ್ತೀ? ಸಾಲಾಗಿ ಆರು ಪಂದ್ಯ ಸೋತರೆ ಏನು ಮಾಡುತ್ತೀ? ಅವನ ಉತ್ತರ: 4 ಜಿಬಿ. ರಾತ್ರಿ ಊಟ ಆದ ಮೇಲೆ ಒಂದು ತಾಸು. "ಆರು ಸೋತ್ರ ಸೇವ್ ಅಳಿಸಿ ಹೊಸಾದು ಶುರು ಮಾಡ್ತೀನಿ, ಮಾಮಾ."

ಸೇವ್ ಎಂದರೆ ಅಲ್ಲಿಯವರೆಗೆ ಆಡಿದ್ದನ್ನು ಉಳಿಸಿಟ್ಟ ಫೈಲ್. ಈ ಮೂರನೇ ಉತ್ತರದಲ್ಲೇ ಅವನಿಗೆ ಬೇಕಾದ ಲೀಗ್ ಯಾವುದು ಎಂಬುದು ಇತ್ತು. ಅಲ್ಲಿಗೆ ಬರುತ್ತೇನೆ.

ಕೆಳಗಿನ ಲೀಗುಗಳಲ್ಲಿ ಎಲ್ಲಾ ಇರುವ ಕ್ಲಬ್ ಒಂದೂ ಇಲ್ಲ. ಒಂದು ಕಡೆ ದುಡ್ಡಿಲ್ಲ, ಒಂದು ಕಡೆ ಆಟಗಾರರಿಲ್ಲ, ಇನ್ನೊಂದು ಕಡೆ ಮೇಲೆ ಹೋಗುವ ದಾರಿಯೇ ಇಕ್ಕಟ್ಟು. ಹಾಗಾಗಿ ಯಾವ ಕ್ಲಬ್ ಚೆನ್ನ ಎಂದು ಕೇಳಿ ಪ್ರಯೋಜನವಿಲ್ಲ. ಯಾವ ಕೊರತೆಯ ಜೊತೆ ನೀವು ಐದಾರು ಸೀಸನ್ ಬಾಳಬಲ್ಲಿರಿ ಎಂದು ಕೇಳಿಕೊಳ್ಳಬೇಕು. ನಮ್ಮಪ್ಪ ಮುಂಗಾರಿಗೆ ಮುಂಚೆ ಎರೆ ಹೊಲದ ಬದುವಿನಲ್ಲಿ ನಿಂತು ಹಾಕುತ್ತಿದ್ದ ಲೆಕ್ಕವೂ ಇದೇ. ಹೆಸರು ಬಿತ್ತಿದರೆ ಎರಡೂವರೆ ತಿಂಗಳಿಗೆ ಕೈಯಲ್ಲಿ ನಾಲ್ಕು ಕಾಸು, ಆದರೆ ರಾಶಿ ಹೊತ್ತಿಗೆ ಮಳೆ ಹಿಡಿದರೆ ಹೋಯಿತು. ತೊಗರಿಯಾದರೆ ಆರು ತಿಂಗಳು ಕಾಯಬೇಕು, ಅಲ್ಲಿಯವರೆಗೆ ಮನೆ ಖರ್ಚಿಗೆ ಬೇರೆ ದಾರಿ ನೋಡಬೇಕು. ಎರಡೂ ಬೆಳೆ ಒಳ್ಳೆಯವೇ. ಆ ವರ್ಷ ಮನೆಯಲ್ಲಿ ಏನಿದೆ, ಏನಿಲ್ಲ ಎಂಬುದರ ಮೇಲೆ ಬಿತ್ತನೆ.

ಆವೃತ್ತಿಯ ಮಾತು ಬೇಗ ಮುಗಿಸುತ್ತೇನೆ. ಆಟವನ್ನು ತಯಾರಿಸುವ ಸ್ಪೋರ್ಟ್ಸ್ ಇಂಟರಾಕ್ಟಿವ್ ಕಂಪನಿ 2025ರ ಆವೃತ್ತಿಯನ್ನು ಬಿಡುಗಡೆಗೆ ಮುನ್ನವೇ, ಅದೇ ವರ್ಷದ ಫೆಬ್ರವರಿಯಲ್ಲಿ ರದ್ದು ಮಾಡಿತು. ಆದ್ದರಿಂದ ಎಫ್‌ಎಂ 24 (ಫುಟ್‌ಬಾಲ್ ಮ್ಯಾನೇಜರ್ 2024) ಆದ ಮೇಲೆ ನೇರವಾಗಿ ಬಂದದ್ದು 2025ರ ನವೆಂಬರಿನ ಎಫ್‌ಎಂ 26. ಹೊಸದು ಯೂನಿಟಿ ಎಂಬ ಬೇರೆ ತಂತ್ರಾಂಶದ ಮೇಲೆ ಕಟ್ಟಿದ್ದು, ಮಹಿಳೆಯರ ಫುಟ್‌ಬಾಲ್ ಕೂಡ ಅದರಲ್ಲಿದೆ. ಆದರೆ ಹಳೆಯ ಲ್ಯಾಪ್‌ಟಾಪ್ ಇದ್ದವರು ಎಫ್‌ಎಂ 24ರಲ್ಲೇ ಇರಿ; ಅದಕ್ಕೆ ಕನಿಷ್ಠ ಬೇಡಿಕೆ 4 ಜಿಬಿ ರ್‍ಯಾಮ್, 7 ಜಿಬಿ ಜಾಗ. ನಾನು ಇಲ್ಲಿ ಹೇಳುವುದೆಲ್ಲ ಅದನ್ನು ಆಡಿ ಕಂಡದ್ದು. ಫೋನೇ ಗತಿ ಎನ್ನುವವರಿಗೆ ನೆಟ್‌ಫ್ಲಿಕ್ಸ್ ಚಂದಾದ ಜೊತೆ ಮೊಬೈಲ್ ಆವೃತ್ತಿ ಸಿಗುತ್ತದೆ. ಬಸ್ಸಿನಲ್ಲಿ ಆಡಲು ಹಿತ, ಆದರೆ ಸಣ್ಣ ಕ್ಲಬ್ಬಿನ ಬಡತನದ ವಿವರಗಳು ಅದರಲ್ಲಿ ಅಷ್ಟಾಗಿ ತಟ್ಟುವುದಿಲ್ಲ.

ಇಂಗ್ಲೆಂಡಿನ ಆರನೇ ಮೆಟ್ಟಿಲು

ಬಹಳಷ್ಟು ಮಂದಿ ಕಣ್ಣುಮುಚ್ಚಿ ಹಿಡಿಯುವುದು ಇದನ್ನೇ: ನ್ಯಾಷನಲ್ ಲೀಗ್ ನಾರ್ತ್ ಅಥವಾ ಸೌತ್. ಆಟದಲ್ಲಿ ಇಂಗ್ಲೆಂಡಿನ ಏಣಿ ಇಲ್ಲಿಂದ ಶುರು. ಒಂದೊಂದರಲ್ಲಿ 24 ತಂಡ, 46 ಪಂದ್ಯ. ಮೊದಲ ಸ್ಥಾನದವರು ನೇರ ಮೇಲಕ್ಕೆ, ಎರಡರಿಂದ ಏಳನೆಯವರೆಗಿನವರು ಪ್ಲೇಆಫ್‌ಗೆ (ಉಳಿದ ಒಂದು ಬಡ್ತಿಗಾಗಿ ನಡೆಯುವ ನಾಕೌಟ್ ಪಂದ್ಯಗಳು), ಕೊನೆಯ ನಾಲ್ವರು ಕೆಳಕ್ಕೆ. ತುದಿಯ ಪ್ರೀಮಿಯರ್ ಲೀಗ್ ತಲುಪಲು ಐದು ಸಲ ಮೇಲೇರಬೇಕು.

ಇದರ ಮೋಹ ನನಗೆ ಗೊತ್ತು. ಲೂಟನ್ ಟೌನ್ 2014ರಲ್ಲಿ ಐದನೇ ಹಂತ ಗೆದ್ದು, 2023ರಲ್ಲಿ ಪ್ರೀಮಿಯರ್ ಲೀಗಿಗೆ ಬಂದದ್ದು ನಿಜ ಜಗತ್ತಿನಲ್ಲೇ ನಡೆದ ಸಂಗತಿ. ರೆಕ್ಸಮ್ 2023, 2024, 2025 ಹೀಗೆ ಸಾಲಾಗಿ ಮೂರು ಸಲ ಏರಿತು. ಆದರೆ ರೆಕ್ಸಮ್ ಕಥೆಯ ಇನ್ನೊಂದು ಮಗ್ಗುಲನ್ನೂ ನೋಡಿ. 2022-23ರಲ್ಲಿ ಅವರು 111 ಅಂಕ ಗಳಿಸಿ ಗೆದ್ದಾಗ ಎರಡನೆಯ ಸ್ಥಾನದ ನಾಟ್ಸ್ ಕೌಂಟಿ ಗಳಿಸಿದ್ದು 107. ನೂರು ದಾಟಿದರೂ ನೇರ ಬಡ್ತಿಯಿಲ್ಲ. ಲಂಡನ್ನಿನ ವೆಂಬ್ಲಿ ಮೈದಾನದ ಪ್ಲೇಆಫ್ ಫೈನಲ್‌ನಲ್ಲಿ ಪೆನಾಲ್ಟಿ ಶೂಟೌಟ್ ಗೆದ್ದೇ ಮೇಲೆ ಹೋಗಬೇಕಾಯಿತು. ಐದನೇ ಹಂತದಿಂದ ನಾಲ್ಕಕ್ಕೆ ಹೋಗುವ ಬಾಗಿಲು ಅಷ್ಟು ಸಣ್ಣದು: ಒಂದು ಸೀಸನ್ನಿಗೆ ಎರಡೇ ತಂಡ. ನಿಮ್ಮ ಸೇವ್ ಕೂಡ ಅಲ್ಲೇ ಮೂರ್ನಾಲ್ಕು ವರ್ಷ ಸಿಕ್ಕಿಕೊಳ್ಳಬಹುದು. ಆಗಲೂ ಕೂರುವ ಸಹನೆ ಇದ್ದವರು ಮಾತ್ರ ಈ ದಾರಿ ಹಿಡಿಯಬೇಕು.

ಇಲ್ಲಿಯ ಕೊರತೆ ದುಡ್ಡು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ಹೆಚ್ಚು ಕಾಡುವುದು ಹಿಡಿತದ ಕೊರತೆ. ಆಟಗಾರರಲ್ಲಿ ಬಹುತೇಕರು ಪಾರ್ಟ್‌ಟೈಮ್, ವಾರಕ್ಕೆ ಎರಡು ಮೂರು ಅವಧಿಯ ಅಭ್ಯಾಸ ಅಷ್ಟೇ. ಕೆಲವರಂತೂ ಕರಾರೇ ಇಲ್ಲದೆ, ಆಡಿದ ಪಂದ್ಯಕ್ಕಿಷ್ಟು ಎಂದು ಇರುತ್ತಾರೆ. ನನ್ನ ಮೊದಲ ಸೇವ್‌ನಲ್ಲಿ ಅಂಥ ಒಬ್ಬ ವಿಂಗರ್ ಡಿಸೆಂಬರ್ ಹೊತ್ತಿಗೆ 14 ಗೋಲು ಹೊಡೆದಿದ್ದ. ಹಂಗಾಮು ಮುಗಿಯಲಿ, ಕರಾರು ಮಾಡೋಣ ಎಂದುಕೊಂಡೆ. ಜನವರಿಯ ಒಂದು ಬೆಳಿಗ್ಗೆ ಮೇಲಿನ ಹಂತದ ಕ್ಲಬ್ ಒಂದು ಅವನನ್ನು ಕರೆದುಕೊಂಡು ಹೋಗೇಬಿಟ್ಟಿತು, ನನಗೆ ಬಿಡಿಗಾಸೂ ಬರಲಿಲ್ಲ. ಅದೇ ಸೀಸನ್ನಿನಲ್ಲಿ ಸಂಬಳದ ಬಜೆಟ್ಟಿನ ಅರ್ಧ ಪಾಲನ್ನು ಹೆಸರಿದ್ದ ಮೂವರು ಹಿರಿಯ ಆಟಗಾರರ ಮೇಲೆ ಸುರಿದಿದ್ದೆ. ಚಳಿಗಾಲದ ಕೆಸರು ಮೈದಾನಗಳಲ್ಲಿ ಮೂವರೂ ಗಾಯಗೊಂಡು ಕೂತರು. ಆ ವರ್ಷ ಹದಿನೇಳನೇ ಸ್ಥಾನ. ಅಂದಿನಿಂದ ನನ್ನ ನಿಯಮ ಇಷ್ಟೇ: ಕರಾರಿಲ್ಲದ ಆಟಗಾರ ಐದು ಪಂದ್ಯ ಚೆನ್ನಾಗಿ ಆಡಿದರೆ ಆರನೆಯದಕ್ಕೆ ಮುಂಚೆ ಸಹಿ ಹಾಕಿಸಬೇಕು.

ಹೊರದೇಶದ ಹುಡುಗರನ್ನು ತರೋಣವೆಂದರೆ ಬ್ರೆಕ್ಸಿಟ್ (ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟದ್ದು) ನಂತರದ ಅಂಕಪದ್ಧತಿಯ ಕೆಲಸದ ಪರ್ಮಿಟ್ ಅಡ್ಡ ಬರುತ್ತದೆ. ಆಟಗಾರನ ರಾಷ್ಟ್ರೀಯ ತಂಡದ ರ್‍ಯಾಂಕಿಂಗ್, ಅವನು ಆಡುತ್ತಿದ್ದ ಲೀಗಿನ ಮಟ್ಟ ಎಲ್ಲಾ ಅದರಲ್ಲಿ ಲೆಕ್ಕಕ್ಕೆ ಬರುತ್ತವೆ. ಆರನೇ ಹಂತದ ಕ್ಲಬ್ಬಿಗೆ ಅದು ಎಟುಕುವ ಮಾತಲ್ಲ. ಉಳಿದದ್ದು ದೊಡ್ಡ ಕ್ಲಬ್ಬುಗಳು ಕೈಬಿಟ್ಟ ಹತ್ತೊಂಬತ್ತು ಇಪ್ಪತ್ತರ ಹುಡುಗರು, ಮತ್ತು ಲೋನ್, ಅಂದರೆ ಬೇರೆ ಕ್ಲಬ್ಬಿನಿಂದ ಸ್ವಲ್ಪ ಕಾಲಕ್ಕೆ ಎರವಲು ತಂದವರು. ಜೂನ್ ಕೊನೆಗೆ ಕರಾರು ಮುಗಿದವರ ಪಟ್ಟಿ ಜುಲೈ ಮೊದಲ ವಾರದಲ್ಲಿ ತುಂಬಿ ತುಳುಕುತ್ತದೆ. ಆ ವಾರ ಪಂದ್ಯದ ಗಡಿಬಿಡಿ ಇಟ್ಟುಕೊಳ್ಳದೆ ಹುಡುಕಾಟಕ್ಕೆ ಕೂರಬೇಕು.

ಮತ್ತೆ ಯಾಕೆ ಇಂಗ್ಲೆಂಡ್? ಸಣ್ಣ ದೊಡ್ಡ ಕ್ಲಬ್ಬುಗಳೆಲ್ಲ ಸೇರಿ ಆಡುವ ನಾಕೌಟ್ ಟೂರ್ನಿ ಎಫ್‌ಎ ಕಪ್ಪಿಗಾಗಿ. ಆರನೇ ಹಂತದವರು ಎರಡನೇ ಅರ್ಹತಾ ಸುತ್ತಿನಲ್ಲಿ ಒಳಬರುತ್ತಾರೆ. ಅಲ್ಲಿಂದ ಐದು ಪಂದ್ಯ ಗೆದ್ದರೆ ಮೂರನೇ ಸುತ್ತು, ಪ್ರೀಮಿಯರ್ ಲೀಗ್ ತಂಡಗಳು ಚೀಟಿಗೆ ಬೀಳುವ ಸುತ್ತು. 2021ರ ಜನವರಿಯಲ್ಲಿ ಎಂಟನೇ ಹಂತದ ಮರೀನ್ ಕ್ಲಬ್ ಟಾಟನ್‌ಹ್ಯಾಮ್ ತಂಡವನ್ನು ತನ್ನ ಅಂಗಳಕ್ಕೆ ಬರಮಾಡಿಕೊಂಡದ್ದು ಹೀಗೆ. ಕೋವಿಡ್‌ನಿಂದ ಪ್ರೇಕ್ಷಕರಿಗೆ ಪ್ರವೇಶ ಇರಲಿಲ್ಲ, ಜನ 30,000ಕ್ಕೂ ಹೆಚ್ಚು ತೋರಿಕೆಯ ಟಿಕೆಟ್ ಕೊಂಡು ಕ್ಲಬ್ಬಿನ ಕೈ ತುಂಬಿಸಿದರು. 0-5ರಿಂದ ಸೋತರು, ಆದರೆ ಆ ಒಂದು ಪಂದ್ಯದ ಆದಾಯ ಅವರಿಗೆ ವರ್ಷಗಳ ಆಸರೆ. ಆಟದಲ್ಲೂ ಚೀಟಿಯಲ್ಲಿ ಒಂದು ದೊಡ್ಡ ತಂಡ ಎದುರಾದರೆ ಗೇಟಿನ ಪಾಲು, ಟಿವಿ ದುಡ್ಡು ಸೇರಿ ನಿಮ್ಮ ಸಾಲವೆಲ್ಲ ತೀರುತ್ತದೆ. ಚೀಟಿ ಎತ್ತುವ ಹೊತ್ತಿಗೆ ನನ್ನ ಎದೆ ಈಗಲೂ ಹೊಡೆದುಕೊಳ್ಳುತ್ತದೆ.

ಸಮಯದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಲೀಗ್, ಕಪ್, ಸ್ನೇಹಪಂದ್ಯ ಸೇರಿ ಒಂದು ಸೀಸನ್ನಿಗೆ ಸುಮಾರು 60 ಪಂದ್ಯ. ಮುಖ್ಯ ಕ್ಷಣಗಳನ್ನಷ್ಟೇ ನೋಡುತ್ತಾ ಹೋದರೂ ತಯಾರಿ ಸೇರಿ ಒಂದಕ್ಕೆ ಹದಿನೈದು ನಿಮಿಷ ನನಗೆ ಬೇಕು. ಆಟಗಾರರ ಹುಡುಕಾಟ ಬೇರೆ. ದಿನಕ್ಕೆ ಒಂದು ತಾಸು ಸಿಗುವವನಿಗೆ ಒಂದು ಸೀಸನ್ ಎಂದರೆ ಮೂರು ವಾರದ ಮೇಲಾಗುತ್ತದೆ. ಇದು ತೊಗರಿ.

ಸ್ಕಾಟ್ಲೆಂಡ್: ಹತ್ತೇ ತಂಡದ ಲೀಗ್

ಸ್ಕಾಟಿಷ್ ಲೀಗ್ ಟೂ ನಾಲ್ಕನೇ ಹಂತ, ಹತ್ತು ತಂಡ. ಪ್ರತಿಯೊಬ್ಬರನ್ನೂ ನಾಲ್ಕು ಸಲ ಎದುರಿಸಿ 36 ಪಂದ್ಯ. ಎದುರಾಳಿಗಳ ಮುಖ ಪರಿಚಯ ಬೇಗ ಆಗುತ್ತದೆ. ಅಕ್ಟೋಬರಿನಲ್ಲಿ ನಿಮ್ಮನ್ನು ಸೋಲಿಸಿದ ಸೆಂಟರ್ ಫಾರ್ವರ್ಡ್ ಡಿಸೆಂಬರಿನಲ್ಲಿ ಮತ್ತೆ ಬರುತ್ತಾನೆ, ಅಷ್ಟರಲ್ಲಿ ನೀವು ಅವನಿಗೆ ಮದ್ದು ಕಂಡುಹಿಡಿದಿರಬೇಕು. ಆಟದ ತಂತ್ರ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗರಡಿಮನೆ ನಾನು ಕಂಡಿಲ್ಲ. ಕೊನೆಯ ಸ್ಥಾನಕ್ಕೆ ಬಿದ್ದರೂ ನೇರವಾಗಿ ಹೊರಗಲ್ಲ. ಎಫ್‌ಎಂ 24ರಲ್ಲಿ ಐದನೇ ಹಂತದ ಹೈಲ್ಯಾಂಡ್ ಮತ್ತು ಲೋಲ್ಯಾಂಡ್ ಲೀಗುಗಳ ವಿಜೇತರಲ್ಲಿ ಗೆದ್ದವರ ಜೊತೆ ಒಂದು ಪ್ಲೇಆಫ್ ಇರುತ್ತದೆ. ಜುಲೈಯಲ್ಲೇ ಲೀಗ್ ಕಪ್ಪಿನ ಗುಂಪು ಹಂತ ಇರುವುದರಿಂದ ದೊಡ್ಡ ತಂಡವೊಂದು ಎದುರಾಗುವ ಅವಕಾಶವೂ ವರ್ಷದ ಮೊದಲೇ ಸಿಗುತ್ತದೆ.

ಎಫ್‌ಎಂ 24ರಲ್ಲಿ ಇರುವ ಒಂದು ತಂಡದ ಜಾಗದಲ್ಲಿ ನಿಮ್ಮದೇ ಕ್ಲಬ್ ಕಟ್ಟಿ ಕೂರಿಸುವ ಸೌಲಭ್ಯವಿದೆ. ನಾನು ಕಲಬುರಗಿ ಎಂಬ ಹೆಸರಿನ ತಂಡ ಮಾಡಿ ಈ ಲೀಗಿಗೆ ಸೇರಿಸಿದ್ದೆ. ಕೇಸರಿ ಅಂಗಿ, ಕಪ್ಪು ಚಡ್ಡಿ. ಸಮುದ್ರದ ಗಾಳಿ ಬೀಸುವ ಸ್ಟ್ರಾನ್ರಾರ್ ಊರಿನ ಮೈದಾನದಲ್ಲಿ ಕಲಬುರಗಿ 2-1 ಎಂದು ತೆರೆಯ ಮೇಲೆ ಮೂಡಿದ ರಾತ್ರಿ ನಿದ್ದೆ ಬರಲಿಲ್ಲ.

ಇಲ್ಲಿಯ ಕೊರತೆ ಮೇಲಿದೆ. ಮೂರು ಮೆಟ್ಟಿಲು ಹತ್ತಿ ಸ್ಕಾಟ್ಲೆಂಡಿನ ಮೇಲ್ಹಂತವಾದ ಪ್ರೀಮಿಯರ್‌ಶಿಪ್ ತಲುಪುವುದು ಕಷ್ಟವಲ್ಲ, ಆಮೇಲೆ ಸೆಲ್ಟಿಕ್ ಮತ್ತು ರೇಂಜರ್ಸ್ ಎಂಬ ಎರಡು ಗೋಡೆ. 1985ರಲ್ಲಿ ಅಬರ್ಡೀನ್ ಗೆದ್ದ ನಂತರ ನಾಲ್ಕು ದಶಕ ಕಾಲ ಪ್ರಶಸ್ತಿ ಆ ಇಬ್ಬರ ಕೈಯಿಂದ ಹೊರಗೆ ಹೋಗಲೇ ಇಲ್ಲ. ಸೇವ್‌ನ ಎಂಟನೇ ವರ್ಷದಲ್ಲಿ ಮೂರನೇ ಸ್ಥಾನಕ್ಕೆ ತೃಪ್ತಿ ಪಡುವ ಮನಸ್ಸು ನಿಮ್ಮದಾದರೆ ಸರಿ.

ಐರ್ಲೆಂಡ್: ಕೆಳಗೆ ಬೀಳುವ ಭಯವಿಲ್ಲ

ಎಫ್‌ಎಂ 24ರಲ್ಲಿ ಐರ್ಲೆಂಡಿಗೆ ಎರಡೇ ಹಂತ, ತಲಾ ಹತ್ತು ತಂಡ. ಕೆಳಗಿನ ಫಸ್ಟ್ ಡಿವಿಷನ್‌ನಲ್ಲೂ 36 ಪಂದ್ಯ. ಅಲ್ಲಿ ಕೊನೆಯ ಸ್ಥಾನಕ್ಕೆ ಬಂದರೂ ಕೆಳಗೆ ಬೀಳಲು ಇನ್ನೊಂದು ಲೀಗಿಲ್ಲ. ಬೋರ್ಡ್ (ಕ್ಲಬ್ಬಿನ ಆಡಳಿತ ಮಂಡಳಿ) ಬೇಸರಪಡುತ್ತದೆ, ಅತಿಯಾದರೆ ಕೆಲಸ ಹೋಗುತ್ತದೆ ನಿಜ, ಆದರೆ ಕ್ಲಬ್ ಎಲ್ಲಿತ್ತೋ ಅಲ್ಲೇ ಇರುತ್ತದೆ. ಹೊಸಬನಿಗೆ ಇದು ದೊಡ್ಡ ಆಸರೆ. ಮೊದಲ ವರ್ಷ ಹುಡುಗರನ್ನೇ ಆಡಿಸಿ, ಸೋತು, ಯಾರು ನಿಲ್ಲುತ್ತಾರೆ ಎಂದು ನೋಡಬಹುದು. ಹಂಗಾಮು ಚಳಿಗಾಲ ಮುಗಿಯುವಾಗ ಶುರುವಾಗಿ ನವೆಂಬರ್ ಹೊತ್ತಿಗೆ ಮುಗಿಯುತ್ತದೆ. ಇಂಗ್ಲೆಂಡಿನ ಬೇಸಿಗೆಯ ವರ್ಗಾವಣೆ ನಿಮಗೆ ಸೀಸನ್ನಿನ ನಟ್ಟನಡುವೆ ಬರುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ. ಜುಲೈಯಲ್ಲಿ ನಿಮ್ಮ ಒಳ್ಳೆಯ ಆಟಗಾರನ ಮೇಲೆ ಕಣ್ಣು ಬಿದ್ದೇ ಬೀಳುತ್ತದೆ.

ಆಟಗಾರರನ್ನು ಕಳೆದುಕೊಳ್ಳುತ್ತಲೇ ಇರುವುದು ಇಲ್ಲಿಯ ಕೊರತೆ. ಆದರೆ ಅದೇ ವ್ಯಾಪಾರವೂ ಹೌದು. ಬ್ರೆಕ್ಸಿಟ್ ಆದ ಮೇಲೆ ಇಂಗ್ಲೆಂಡಿನ ಕ್ಲಬ್ಬುಗಳು ಹದಿನೆಂಟು ತುಂಬದ ವಿದೇಶಿ ಹುಡುಗರನ್ನು ತೆಗೆದುಕೊಳ್ಳುವಂತಿಲ್ಲ. ಮೊದಲೆಲ್ಲ ಹದಿನಾರಕ್ಕೇ ಹಡಗು ಹತ್ತುತ್ತಿದ್ದ ಐರಿಷ್ ಹುಡುಗರು ಈಗ ಎರಡು ವರ್ಷ ಊರಲ್ಲೇ ಆಡುತ್ತಾರೆ. ಆ ಎರಡು ವರ್ಷ ನಿಮ್ಮದು. ಹದಿನೆಂಟು ತುಂಬಿದ ಮೇಲೆ ಐರಿಷ್ ಪ್ರಜೆಗೆ ಅಲ್ಲಿ ಪರ್ಮಿಟ್ಟಿನ ತೊಡಕಿಲ್ಲ, ಹಾಗಾಗಿ ಕೊಳ್ಳುವವರಿಗೂ ಬರವಿಲ್ಲ. ಯುರೋಪಿಯನ್ ಒಕ್ಕೂಟದ ಬೇರೆ ದೇಶದವರನ್ನು ನೀವು ಪರ್ಮಿಟ್ ಇಲ್ಲದೆ ಕರೆತರಬಹುದು. ಈ ಒಂದು ಅನುಕೂಲ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೂರರಲ್ಲೂ ಇಲ್ಲ.

ಮೇಲಿನ ದಾರಿ ಹತ್ತಿರ. ಒಂದು ಬಡ್ತಿ, ಆಮೇಲೆ ಒಳ್ಳೆಯ ಒಂದು ಸೀಸನ್, ಅಷ್ಟಾದರೆ ಯುರೋಪಿನ ಕ್ಲಬ್ ಟೂರ್ನಿಗಳ ಅರ್ಹತಾ ಪಂದ್ಯ. ಶಾಮ್‌ರಾಕ್ ರೋವರ್ಸ್ 2011ರಲ್ಲಿ ಯುರೋಪಾ ಲೀಗಿನ ಗುಂಪು ಹಂತ ತಲುಪಿದ ಮೊದಲ ಐರಿಷ್ ಕ್ಲಬ್ ಆಯಿತು. 2016ರಲ್ಲಿ ಡಂಡಾಕ್ ಅದನ್ನೇ ಮಾಡಿತು. ಐರಿಷ್ ಕ್ಲಬ್ಬಿನ ಖಜಾನೆಗೆ ಯುರೋಪಿನ ಬಹುಮಾನದ ಹಣ ಎಂದರೆ ನಮ್ಮ ಕೆರೆಗೆ ಒಂದೇ ರಾತ್ರಿ ಕೋಡಿ ಬಿದ್ದ ಹಾಗೆ. ಬಂದ ವರ್ಷವೇ ಸಂಬಳಕ್ಕೆ ಸುರಿಯದೆ ತರಬೇತಿ ಸೌಲಭ್ಯ ಮತ್ತು ಯುವ ವಿಭಾಗಕ್ಕೆ ಹಾಕಿ ಎಂದು ಬೋರ್ಡಿನ ಬೆನ್ನು ಬೀಳಬೇಕು.

ವೇಲ್ಸ್ ಇದರದೇ ತಮ್ಮ ಎನ್ನಬಹುದು. ಎಫ್‌ಎಂ 24ರ ಕಿಮ್ರು ಪ್ರೀಮಿಯರ್‌ನಲ್ಲಿ (ವೇಲ್ಸಿನ ಮೇಲ್ಹಂತದ ಲೀಗ್) 12 ತಂಡ, 22 ಪಂದ್ಯವಾದ ಮೇಲೆ ಆರಾರಾಗಿ ಒಡೆದು ಇನ್ನು ಹತ್ತು, ಒಟ್ಟು 32. ಕಾರ್ಡಿಫ್, ಸ್ವಾನ್ಸಿ, ರೆಕ್ಸಮ್ ಎಲ್ಲಾ ಇಂಗ್ಲೆಂಡಿನ ವ್ಯವಸ್ಥೆಯಲ್ಲಿ ಆಡುವುದರಿಂದ ಇಲ್ಲಿ ಉಳಿದವರು ಹೆಚ್ಚಾಗಿ ಪಾರ್ಟ್‌ಟೈಮ್ ಕ್ಲಬ್ಬುಗಳು. ಒಬ್ಬನೇ ದೈತ್ಯ, ದ ನ್ಯೂ ಸೇಂಟ್ಸ್. ಅವರ ಮೈದಾನ ಇರುವುದೇ ಗಡಿಯ ಆಚೆ, ಇಂಗ್ಲೆಂಡಿನ ಆಸ್ವೆಸ್ಟ್ರಿಯಲ್ಲಿ. 2024ರಲ್ಲಿ ಯುರೋಪಿನ ಕಾನ್ಫರೆನ್ಸ್ ಲೀಗಿನ ಮುಖ್ಯ ಹಂತ ಮುಟ್ಟಿದ ಮೊದಲ ವೆಲ್ಷ್ ಲೀಗ್ ಕ್ಲಬ್ಬೂ ಅದೇ. ಅವರನ್ನು ಕೆಡವುವುದೇ ಇಡೀ ಸೇವ್‌ನ ಗುರಿ. ಕೆಡವಿದ ಮೇಲೆ ಊರೊಳಗೆ ಎದುರಾಳಿ ಯಾರೂ ಉಳಿಯುವುದಿಲ್ಲ. ನನಗೆ ಆರನೇ ಸೀಸನ್ನಿಗೆ ಬೇಸರ ಬಂತು.

ಇನ್ನೊಂದು ದಾರಿ ಸ್ವೀಡನ್ನಿನ ಮೂರನೇ ಹಂತ, ಎಟ್ಟನ್ ಎಂಬ ಲೀಗ್, 16 ತಂಡಗಳ ಎರಡು ಗುಂಪು, 30 ಪಂದ್ಯ. ನಾಲ್ಕನೇ ಹಂತದಲ್ಲಿದ್ದ ಓಸ್ಟರ್‌ಸುಂಡ್ ಕ್ಲಬ್ಬನ್ನು ಇಂಗ್ಲೆಂಡಿನ ಕೋಚ್ ಗ್ರಹಾಂ ಪಾಟರ್ 2011ರಲ್ಲಿ ಕೈಗೆತ್ತಿಕೊಂಡು, 2017ರಲ್ಲಿ ಸ್ವೀಡಿಷ್ ಕಪ್ ಗೆಲ್ಲಿಸಿ, 2018ರ ಫೆಬ್ರವರಿಯಲ್ಲಿ ಆರ್ಸೆನಲ್‌ನ ಅಂಗಳದಲ್ಲೇ 2-1ರಿಂದ ಗೆದ್ದು ತೋರಿಸಿದರು. ಎರಡು ಪಂದ್ಯ ಸೇರಿ ಹೊರಬಿದ್ದರೂ ಆ ರಾತ್ರಿ ಆ ರಾತ್ರಿಯೇ. ಹಣದ ಜಂಜಾಟ ಕಡಿಮೆ ಇರಲಿ, ಆಟ ಚೆಂದ ಇರಲಿ ಎನ್ನುವವರು ಇದನ್ನು ನೋಡಿ. ಜರ್ಮನಿಯ ಮೂರನೇ ಲೀಗನ್ನು ನಾನು ಈ ಪಟ್ಟಿಗೆ ಸೇರಿಸುವುದಿಲ್ಲ, ಅಲ್ಲಿಯ ಕ್ಲಬ್ಬುಗಳು ದೊಡ್ಡ ಮೈದಾನ, ದೊಡ್ಡ ಜನಸಂದಣಿ ಇರುವವು.

ನಮ್ಮ ಭಾರತ ಯಾಕೆ ಬೇಡ ಎಂದು ಬೀದರಿನ ಗೆಳೆಯನೊಬ್ಬ ಪ್ರತಿ ಸಲ ಕೇಳುತ್ತಾನೆ. ಬೇಡ ಎಂದು ನಾನೆಂದೂ ಹೇಳಿಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಸೀಸನ್ನಿನಲ್ಲೇ ಆಗ ದೇಶದ ಮೇಲ್ಹಂತವಾಗಿದ್ದ ಐ-ಲೀಗ್ ಗೆದ್ದಿತು, 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ಐ-ಲೀಗ್ ಆಮೇಲೆ ಎರಡನೇ ಹಂತವಾಯಿತು; ಅದನ್ನು ಗೆದ್ದರೆ ಮೇಲಿನ ಐಎಸ್‌ಎಲ್‌ಗೆ (ಇಂಡಿಯನ್ ಸೂಪರ್ ಲೀಗ್) ಹೋಗುವ ಬಾಗಿಲನ್ನು 2023ರಲ್ಲಿ ಪಂಜಾಬ್ ಎಫ್‌ಸಿ ತೆರೆಯಿತು. ಪರಿಚಿತ ಹೆಸರುಗಳು, ಪರಿಚಿತ ಊರುಗಳು, ಬಿಸಿಲು ಕೂಡ ನಮ್ಮದೇ. ಆದರೆ ಏಣಿಗೆ ಮೆಟ್ಟಿಲು ಕಡಿಮೆ, ಮತ್ತು ನೀವು ಬೆಳೆಸಿದ ಹುಡುಗನನ್ನು ಯುರೋಪಿನವರು ಕೊಳ್ಳುವುದು ಬಲು ಅಪರೂಪ. ಐರ್ಲೆಂಡಿನಲ್ಲಿ ಮಾರಾಟದಿಂದ ಕ್ಲಬ್ ನಡೆಯುತ್ತದೆ. ಇಲ್ಲಿ ಆ ದಾರಿ ಮುಚ್ಚಿದೆ. ಇಂಗ್ಲಿಷ್ ಲೀಗುಗಳನ್ನು ಒಂದೆರಡು ವರ್ಷ ಆಡಿ ಪಳಗಿದ ಮೇಲೆ ಬಂದರೆ ಈ ಕಷ್ಟದ ರುಚಿ ಹತ್ತುತ್ತದೆ.

ಲೀಗ್ ಯಾವುದೇ ಆಗಲಿ

ಆಟದಲ್ಲಿ ಪ್ರತಿ ಆಟಗಾರನ ಒಂದೊಂದು ಗುಣಕ್ಕೂ 1ರಿಂದ 20ರವರೆಗೆ ಅಂಕ ಇರುತ್ತದೆ. ಕೆಳಗಿನ ಹಂತದಲ್ಲಿ ಪಾಸಿಂಗ್ 8 ಇದ್ದರೂ ಕೆಲಸ ನಡೆಯುತ್ತದೆ, ವೇಗ 8 ಇದ್ದ ಡಿಫೆಂಡರ್ ಮಾತ್ರ ಪ್ರತಿ ವಾರ ಗೋಲು ಬಿಟ್ಟುಕೊಡುತ್ತಾನೆ. ಪೇಸ್ (ಓಟದ ವೇಗ), ಅಕ್ಸೆಲರೇಷನ್ (ವೇಗ ಹಿಡಿಯುವ ಚುರುಕು), ಡಿಫೆಂಡರ್ ಮತ್ತು ಸ್ಟ್ರೈಕರ್‌ಗೆ ಜಂಪಿಂಗ್ ರೀಚ್ (ಹಾರಿ ಮುಟ್ಟುವ ಎತ್ತರ), ಎಲ್ಲರಿಗೂ ಡಿಟರ್ಮಿನೇಷನ್ (ಛಲ): ನಾನು ನೋಡುವುದು ಈ ಕ್ರಮದಲ್ಲಿ. ಕಾರ್ನರ್ ಮತ್ತು ಫ್ರೀಕಿಕ್ ಒದೆಯುವ ಒಬ್ಬ ಒಳ್ಳೆಯವನಿದ್ದರೆ ಸೀಸನ್ನಿಗೆ ಹತ್ತು ಗೋಲು ಅಲ್ಲಿಂದಲೇ. ನಾಲ್ವರು ಡಿಫೆಂಡರ್, ನಾಲ್ವರು ಮಿಡ್‌ಫೀಲ್ಡರ್, ಇಬ್ಬರು ಸ್ಟ್ರೈಕರ್ ಇರುವ 4-4-2 ಸಾಕು. ಟಿವಿಯಲ್ಲಿ ನೋಡಿದ ದೊಡ್ಡ ತಂಡಗಳ ಆಟವನ್ನು ಹಿಂದಿನಿಂದ ಚೆಂಡು ಕಟ್ಟುತ್ತಾ ಆಡಿಸಲು ಹೋದರೆ ನಿಮ್ಮ ಪಾರ್ಟ್‌ಟೈಮ್ ಸೆಂಟರ್ ಬ್ಯಾಕ್ ಚೆಂಡನ್ನು ಎದುರಾಳಿಯ ಕಾಲಿಗೇ ಕೊಡುತ್ತಾನೆ.

ಲ್ಯಾಪ್‌ಟಾಪ್ ಹಳೆಯದಾದರೆ ಆಟದಲ್ಲಿ ಒಂದೇ ದೇಶದ ಲೀಗುಗಳನ್ನು ತೆರೆಯಿರಿ, ಡೇಟಾಬೇಸ್ (ಆಟದೊಳಗಿನ ಆಟಗಾರರ ಪಟ್ಟಿ) ಚಿಕ್ಕದಿಡಿ. ಇಂಗ್ಲೆಂಡಿನ ಆರೂ ಹಂತ ತೆರೆದರೆ 4 ಜಿಬಿ ಯಂತ್ರ ಶನಿವಾರದ ಫಲಿತಾಂಶಗಳನ್ನು ಲೆಕ್ಕ ಹಾಕುವಷ್ಟರಲ್ಲಿ ಚಹಾ ಕುಡಿದು ಬರಬಹುದು. ಐರ್ಲೆಂಡಿನ ಇಪ್ಪತ್ತೇ ತಂಡಗಳಾದರೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಇನ್ನು ನಮ್ಮ ಕಡೆಯವರಿಗೆ ಒಂದು ಮಾತು: ಏಪ್ರಿಲ್, ಮೇ ತಿಂಗಳಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಯಾರಿಗೂ ಗೊತ್ತಿಲ್ಲ, ಹಳೆಯ ಬ್ಯಾಟರಿ ಎರಡು ನಿಮಿಷವೂ ತಡೆಯುವುದಿಲ್ಲ. ಆಟೋಸೇವ್ ವಾರಕ್ಕೊಮ್ಮೆ ಇಡಿ, ಒಂದರ ಮೇಲೊಂದು ಬರೆಯುವ ಬದಲು ಮೂರು ಫೈಲ್ ಸುತ್ತುವಂತೆ ಮಾಡಿ. ಪ್ಲೇಆಫ್ ಗೆದ್ದ ರಾತ್ರಿಯೇ ಫೈಲ್ ಕೆಟ್ಟರೆ ಆ ನೋವು ಹೇಳತೀರದು.

ಸೋದರಳಿಯನಿಗೆ ಅಥ್ಲೋನ್ ಟೌನ್ ಹೇಳಿದೆ. ಐರ್ಲೆಂಡಿನ ನಟ್ಟನಡುವಿನ ಊರು, ಫಸ್ಟ್ ಡಿವಿಷನ್. 1975ರಲ್ಲಿ ಯುರೋಪಿನ ಯುಇಎಫ್‌ಎ ಕಪ್ ಪಂದ್ಯಕ್ಕೆ ಬಂದ ಇಟಲಿಯ ಎಸಿ ಮಿಲಾನ್ ತಂಡವನ್ನು ತನ್ನ ಮೈದಾನದಲ್ಲಿ 0-0ಗೆ ತಡೆದ ಕ್ಲಬ್ ಅದು. ಅವನ ಯಂತ್ರಕ್ಕೂ, ಅವನ ಒಂದು ತಾಸಿಗೂ, ಸೋತರೆ ಅಳಿಸುವ ಅವನ ಅಭ್ಯಾಸಕ್ಕೂ ಹೊಂದುವುದು ಕೆಳಗೆ ಬೀಳದ ಆ ಲೀಗೇ.

ಮೊನ್ನೆ ಮತ್ತೆ ಫೋನ್. ಏಳು ಪಂದ್ಯ ಸಾಲಾಗಿ ಸೋತಿದ್ದಾನೆ, ಸೇವ್ ಇನ್ನೂ ಇದೆ. ಕೇಳಲು ಬಂದದ್ದು ಬೇರೆ ವಿಷಯ: "ಮಾಮಾ, ನಮ್ಮ ಯೂತ್ ಟೀಮಿನಾಗ ಹದಿನೇಳು ವರ್ಷದ ಮಿಡ್‌ಫೀಲ್ಡರ್ ಒಬ್ಬ ಇದ್ದಾನ. ಅವನ್ನ ನೋಡ್ಲಿಕ್ಕೆ ಇಂಗ್ಲೆಂಡಿನಿಂದ ಸ್ಕೌಟ್ ಬರ್ಲಿಕತ್ತಾರ. ಏನ್ ಮಾಡ್ಲಿ?" ಹದಿನೆಂಟು ತುಂಬುವುದು ಯಾವಾಗ ಎಂದು ಕೇಳಿದೆ. ಆಗಸ್ಟ್ ಅಂದ. ಈಗಲೇ ಮೂರು ವರ್ಷದ ವೃತ್ತಿಪರ ಕರಾರಿಗೆ ಸಹಿ ಹಾಕಿಸು, ಆಗಸ್ಟ್‌ನಲ್ಲಿ ಮಾರುವುದಾದರೆ ಮುಂದಿನ ಮಾರಾಟದಲ್ಲೂ ಪಾಲು ಬರೆಸಿಕೋ, ಮತ್ತು ಸೀಸನ್ ಮುಗಿಯುವವರೆಗೆ ಲೋನ್ ಮೇಲೆ ವಾಪಸ್ ಕೊಡಿ ಎಂದು ಕೇಳು ಅಂದೆ. ಬರೆದುಕೊಳ್ಳುತ್ತಿದ್ದ, ಪೆನ್ನಿನ ಸದ್ದು ಫೋನಿನಲ್ಲಿ ಕೇಳುತ್ತಿತ್ತು.